ಬೈಗುಳಕ್ಕೆ ಪೆಟ್ಟು ಉತ್ತರವೇ?

ಗದ್ದೆಯ ಕೊಯ್ಲು ಮುಗಿಯಿತೆಂದರೆ ಮಲಬಾರಿನಲ್ಲಿ ಸೆವೆನ್ಸ್ ಕಾಲ್ಚೆಂಡಾಟದ ಸುಗ್ಗಿ. ನವೆಂಬರಿನಿಂದ ಮೇ ತಿಂಗಳ ವರೆಗೆ, ನಮ್ಮ ತೃಕ್ಕರಿಪುರದಿಂದ ಹಿಡಿದು ಮಲಪ್ಪುರದ ಆಚೆಯ ತನಕ, ರಾತ್ರಿ ದೀಪದ ಬೆಳಕಿನಲ್ಲಿ ಏಳೇಳು ಮಂದಿಯ ಈ ಆಟ ನಡೆಯುತ್ತದೆ. ಇದಕ್ಕೆ ಆಫ್ರಿಕಾದ ದೇಶಗಳಿಂದ ಆಟಗಾರರನ್ನು ಕರೆಸುವ ರೂಢಿ ಬೆಳೆದು ಬಹಳ ವರ್ಷಗಳಾದವು. ಹಣ ಪಡೆದು ಆಡುವವರು ಇವರು. ಆಟವೇ ಇವರ ಹೊಟ್ಟೆಪಾಡು. ನೈಜೀರಿಯದವನಿರಲಿ, ಘಾನಾದವನಿರಲಿ, ಮಲಪ್ಪುರದ ಪ್ರೇಕ್ಷಕನ ಬಾಯಲ್ಲಿ ಎಲ್ಲರೂ 'ಸುಡಾನಿ'ಗಳೇ. ಪ್ರೀತಿಯಿಂದ ಕರೆಯುವ ಹೆಸರೆಂದು ಹೇಳುತ್ತಾರೆ. ಇರಬಹುದು. ಆದರೆ ಒಬ್ಬ ಮನುಷ್ಯನ ದೇಶ ಯಾವುದೆಂದು ಕೇಳುವಷ್ಟು ಪುರುಸೊತ್ತೂ ಇಲ್ಲದ ಪ್ರೀತಿ ಅದು.

2024ರ ಮಾರ್ಚ್ 10ರಂದು ಮಲಪ್ಪುರ ಜಿಲ್ಲೆಯ ಅರೀಕ್ಕೋಡಿನ ಸಮೀಪ ಇಂಥದೇ ಒಂದು ಪಂದ್ಯದಲ್ಲಿ ಐವರಿ ಕೋಸ್ಟಿನಿಂದ ಬಂದ ಯುವಕ ಆಟಗಾರನೊಬ್ಬನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ಅವನು ಓಡುವುದು, ಹಿಂದಿನಿಂದ ಹಿಂಡು ಹಿಂಡಾಗಿ ಜನ ಬೀಳುವುದು, ಇವೆಲ್ಲ ಮರುದಿನದಿಂದ ಊರೂರಿನ ಮೊಬೈಲುಗಳಲ್ಲಿ ಹರಿದಾಡಿದವು. ತನ್ನ ಬಣ್ಣವನ್ನು ಹಿಡಿದು ಬೈದರು, ಕಲ್ಲೆಸೆದರು ಎಂದು ಆತ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಟ್ಟ. ಎದುರಿನಿಂದ ಬಂದ ಮಾತು: ಮೊದಲು ಅವನೇ ಪ್ರೇಕ್ಷಕನೊಬ್ಬನನ್ನು ಒದ್ದ.

ಆ ವಾರ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಚರ್ಚೆಗೆ ಬೇರೆ ವಿಷಯವಿರಲಿಲ್ಲ. ಒಬ್ಬರು, 'ಅಷ್ಟು ಬೈದರೆ ಒದೆಯದೆ ಇನ್ನೇನು ಮಾಡುತ್ತಾನೆ ಮಾಷ್ಟ್ರೇ?' ಎಂದರು. ಇನ್ನೊಬ್ಬರು, 'ಹಣ ತೆಗೆದುಕೊಂಡು ಆಡುವವನು ಸಹಿಸಬೇಕು, ಅದೂ ಅವನ ಕೆಲಸದ ಒಂದು ಭಾಗವೇ' ಎಂದರು. ಚಹಾ ತಣ್ಣಗಾಯಿತು, ಗಂಟೆ ಹೊಡೆಯಿತು, ಎಲ್ಲರೂ ತರಗತಿಗೆ ಹೋದೆವು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಡದಿರಲು ಕಾರಣವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ. ಆ ಯುವಕ ನಿಜವಾಗಿ ಒದ್ದನೋ ಇಲ್ಲವೋ ಎಂಬುದು ಪೊಲೀಸರು ನೋಡಬೇಕಾದ ವಿಷಯ. ನನ್ನ ಪ್ರಶ್ನೆ ಬೇರೆ. ಒಂದು ವೇಳೆ ಒದ್ದಿದ್ದರೆ, ಆ ಬೈಗುಳ ಆ ಒದೆತವನ್ನು ಸರಿ ಮಾಡುತ್ತದೆಯೇ?

ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಆಟದ ಅಂಗಣದಲ್ಲಿ ಬೈಗುಳ ಹೊಸದಲ್ಲ. ಕ್ಯಾಚು ಬಿಟ್ಟವನ ಕೈಯನ್ನು ಹಾಸ್ಯ ಮಾಡುತ್ತಾರೆ, ಗೋಲು ತಪ್ಪಿಸಿಕೊಂಡವನ ಕಾಲನ್ನು ಹಾಸ್ಯ ಮಾಡುತ್ತಾರೆ. ಅದಕ್ಕೆ ಆಟದಲ್ಲೇ ಉತ್ತರವಿದೆ. ನಾಳೆ ಒಂದು ಒಳ್ಳೆಯ ಕ್ಯಾಚು ಹಿಡಿದು ಬೈದವನ ಬಾಯಿ ಮುಚ್ಚಿಸಬಹುದು. ಬಣ್ಣವನ್ನು, ಕುಲವನ್ನು ಹಿಡಿದು ಬೈದರೆ ಆಟದಲ್ಲಿ ಉತ್ತರವಿಲ್ಲ. ನೂರು ಗೋಲು ಹೊಡೆದರೂ ಚರ್ಮ ಅದೇ. ಅಂಥ ಬೈಗುಳವು 'ನೀನು ಚೆನ್ನಾಗಿ ಆಡಲಿಲ್ಲ' ಎಂದು ಹೇಳುವುದಿಲ್ಲ, 'ನೀನು ಇಲ್ಲಿ ಇರಬೇಕಾದವನೇ ಅಲ್ಲ' ಎಂದು ಹೇಳುತ್ತದೆ. ಗಡಿಯ ಈಚೆ ಉಳಿದ ನಾವು ಕಚೇರಿಯ ಕಿಟಕಿಯ ಮುಂದೆ ಭಾಷೆಯ ಕಾರಣಕ್ಕೆ ಅಣಕದ ಮಾತು ಕೇಳಿದ್ದುಂಟು. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಾವು ಮಲಯಾಳ ಕಲಿತು ಉತ್ತರ ಹೇಳಿದೆವು. ಚರ್ಮವನ್ನು ಕಲಿಯುವುದಕ್ಕೂ ಬಿಡುವುದಕ್ಕೂ ಬರುವುದಿಲ್ಲ.

ಇನ್ನು ಪೆಟ್ಟಿನ ವಿಷಯ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಫುಟ್‌ಬಾಲ್ ಅಲ್ಲ. ತಲೆಗೆ ಗಟ್ಟಿ ಹೆಲ್ಮೆಟ್ಟು ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು, ಒಬ್ಬರನ್ನೊಬ್ಬರು ಕೆಡವಿಕೊಂಡು ಆಡುವ ಆಟ. 2019ರ ನವೆಂಬರ್ 14ರ ರಾತ್ರಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಅಲ್ಲಿಯ ಬ್ರೌನ್ಸ್ ತಂಡಕ್ಕೂ ಪಿಟ್ಸ್‌ಬರ್ಗಿನ ಸ್ಟೀಲರ್ಸ್ ತಂಡಕ್ಕೂ ಪಂದ್ಯ. ಬ್ರೌನ್ಸ್ 21ಕ್ಕೆ 7ರಿಂದ ಮುಂದಿತ್ತು. ಆಟ ಮುಗಿಯಲು ಉಳಿದದ್ದು 8 ಸೆಕೆಂಡು. ಬ್ರೌನ್ಸಿನ ಕಪ್ಪು ಆಟಗಾರ ಮೈಲ್ಸ್ ಗ್ಯಾರೆಟ್ ಎದುರು ತಂಡದ ಬಿಳಿಯ ಆಟಗಾರ ಮೇಸನ್ ರುಡಾಲ್ಫನನ್ನು ಕೆಡವಿದ. ಇಬ್ಬರೂ ನೆಲದ ಮೇಲೆ ಹೊರಳಾಡಿ ಜಗಳಕ್ಕೆ ನಿಂತರು. ಗ್ಯಾರೆಟ್ ಎದುರಾಳಿಯ ಹೆಲ್ಮೆಟ್ಟನ್ನು ಕಿತ್ತು ತೆಗೆದ. ಅದರಿಂದಲೇ ಅವನ ಬರಿಯ ತಲೆಗೆ ಬಡಿದ. ಏಟು ಸ್ವಲ್ಪ ಓರೆಯಾಗಿ ಬಿದ್ದದ್ದರಿಂದ ಬದುಕಿದ ಎನ್ನಬೇಕು.

ಮರುದಿನವೇ ಗ್ಯಾರೆಟ್‌ಗೆ ಅನಿರ್ದಿಷ್ಟ ಕಾಲದ ಬಹಿಷ್ಕಾರ ಬಂತು. ಆ ಋತುವಿನ ಉಳಿದ 6 ಪಂದ್ಯಗಳೂ ಹೋದವು. ಇಷ್ಟಾಗುವ ವರೆಗೆ ಬೈಗುಳದ ಸುದ್ದಿ ಹೊರಗೆ ಬಂದಿರಲಿಲ್ಲ. ಮುಂದಿನ ವಾರ ಮೇಲ್ಮನವಿಯ ವಿಚಾರಣೆಯಲ್ಲಿ, ರುಡಾಲ್ಫ್ ತನ್ನನ್ನು ಜನಾಂಗದ ಹೆಸರು ಹಿಡಿದು ಬೈದನೆಂದು ಗ್ಯಾರೆಟ್ ಹೇಳಿದನಂತೆ. ರುಡಾಲ್ಫ್ ಅದನ್ನು ಸಾರಾಸಗಟಾಗಿ ಅಲ್ಲಗಳೆದ. ವಿಚಾರಿಸಿ ನೋಡಿದೆವು, ಅಂಥ ಯಾವ ಸಾಕ್ಷ್ಯವೂ ಸಿಗಲಿಲ್ಲ ಎಂದು ಲೀಗಿನವರು ಹೇಳಿದರು. ಮೇಲ್ಮನವಿ ಬಿದ್ದುಹೋಯಿತು. 2020ರ ಫೆಬ್ರವರಿಯಲ್ಲಿ ಗ್ಯಾರೆಟ್‌ನನ್ನು ಮತ್ತೆ ಆಟಕ್ಕೆ ಸೇರಿಸಿಕೊಂಡರು. ತನ್ನ ಮಾತಿಗೆ ತಾನು ಬದ್ಧ ಎಂದು ಅವನು ಪುನಃ ಹೇಳಿದ; ಸುಳ್ಳು ಎಂದು ಇವನು ಪುನಃ ಹೇಳಿದ. ಕಥೆ ಅಲ್ಲಿಗೇ ನಿಂತಿದೆ.

ಅಲ್ಲಿ ನಡೆದದ್ದೇನೆಂದು ಇಲ್ಲಿ ಕುಳಿತು ತೀರ್ಪು ಕೊಡಲು ನಾನು ಹೋಗುವುದಿಲ್ಲ. ನನಗೆ ಕಂಡದ್ದು ಇಷ್ಟು: ಆ ಒಂದು ಪೆಟ್ಟಿನ ಮುಂದೆ ಬೇರೆ ಯಾವುದೂ ಉಳಿಯಲಿಲ್ಲ. ಬೈಗುಳ ಬಿದ್ದಿರಲಿಲ್ಲವಾದರೆ ರುಡಾಲ್ಫನ ಮೇಲೆ ಜೀವಮಾನವಿಡೀ ಒಂದು ಕಳಂಕ ಸುಮ್ಮನೆ ಅಂಟಿಕೊಂಡಿತು. ಬಿದ್ದಿತ್ತಾದರೆ, ಹೆಲ್ಮೆಟ್ಟು ಎತ್ತಿದ ಕ್ಷಣದಲ್ಲಿ ಅದರ ದೂರನ್ನು ಕೇಳುವ ಕಿವಿಗಳೆಲ್ಲ ಮುಚ್ಚಿಹೋದವು. ಪೆಟ್ಟನ್ನು ಲಕ್ಷಾಂತರ ಮಂದಿ ಟಿವಿಯಲ್ಲಿ ನೋಡಿದರು. ಮಾತನ್ನು ಕೇಳಿದವರು ಯಾರು? ಕಣ್ಣಿಗೆ ಕಂಡದ್ದಕ್ಕೆ ಎಲ್ಲರೂ ಸಾಕ್ಷಿ, ಕಿವಿಗೆ ಬಿದ್ದದ್ದಕ್ಕೆ ಯಾರೂ ಇಲ್ಲ. ಹೊಡೆದವನು ಬೈದವನನ್ನು ಗಾಯಾಳುವನ್ನಾಗಿ ಮಾಡಿ ಜನರ ಕನಿಕರವನ್ನು ತಾನೇ ಅವನ ಕೈಗೆ ಕೊಡುತ್ತಾನೆ. ಬೈದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಹಳ ಹಿಂದೆಯೇ ಒಂದು ದಾರಿ ಹಿಡಿದಿದೆ. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿ 323ನೆಯ ಕಲಮಿನಂತೆ ಬೇಕೆಂದೇ ನೋವುಂಟುಮಾಡಿದವನಿಗೆ ಒಂದು ವರ್ಷದ ವರೆಗೆ ಸೆರೆ. ಅದೇ ಪೆಟ್ಟನ್ನು ತೀವ್ರವೂ ಹಠಾತ್ತೂ ಆದ ಕೆರಳಿಕೆಯಿಂದ ಹೊಡೆದಿದ್ದರೆ, 334ನೆಯ ಕಲಮಿನಂತೆ ಒಂದು ತಿಂಗಳ ವರೆಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿಯೂ ಈ ಭೇದ ಉಳಿದಿದೆ. ಕೆರಳಿಸಿದರೆಂಬ ಕಾರಣಕ್ಕೆ ಶಿಕ್ಷೆ ಇಳಿಯುತ್ತದೆ, ತಪ್ಪು ಇಲ್ಲವಾಗುವುದಿಲ್ಲ. ಹಾಗೆಯೇ ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದವರನ್ನು ನಾಲ್ಕು ಜನರ ಮುಂದೆ ಜಾತಿ ಹಿಡಿದು ನಿಂದಿಸುವುದು 1989ರ ಕಾಯಿದೆಯಂತೆ ಅಪರಾಧವೇ. ಎಂದರೆ ಮಾತೂ ಅಪರಾಧ, ಪೆಟ್ಟೂ ಅಪರಾಧ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಕಾಲ್ಚೆಂಡಾಟದ ನಿಯಮ ಪುಸ್ತಕವೂ ಹೀಗೆಯೇ. ಹನ್ನೆರಡನೆಯ ನಿಯಮದಲ್ಲಿ ಯಾವ ಯಾವ ತಪ್ಪಿಗೆ ಆಟಗಾರನನ್ನು ಹೊರಗೆ ಕಳುಹಿಸಬೇಕೆಂಬ ಪಟ್ಟಿಯಿದೆ. ಹೊಡೆತವೂ ಅದರಲ್ಲಿದೆ, ಅವಮಾನಕರವಾದ ಮಾತೂ ಅದರಲ್ಲಿದೆ. ಎರಡಕ್ಕೂ ಕೆಂಪು ಕಾರ್ಡೇ. ಬರೆದಿಟ್ಟದ್ದು ಹೀಗೆ, ನಡೆಯುವುದು ಬೇರೆ. ಹೊಡೆತಕ್ಕೆ ಕೆಂಪು ಕಾರ್ಡು ತೆಗೆಯುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಮಾತಿಗೆ ತೆಗೆಯುವುದನ್ನು ನೋಡಿದವರು ಎಷ್ಟು ಮಂದಿ?

2006ರ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಇಲ್ಲಿ ಯಾರೂ ಮರೆತಿರಲಾರರು. ಜುಲೈ 9ರಂದು ಬರ್ಲಿನ್ನಿನಲ್ಲಿ ಫ್ರಾನ್ಸಿನ ಜಿನದಿನ್ ಜಿದಾನ್ ಇಟಲಿಯ ಮಾತೆರಾತ್ಸಿಯ ಎದೆಗೆ ತಲೆಯಿಂದ ಗುದ್ದಿ ಕೆಡವಿದ. ಅಲ್ಜೀರಿಯ ಮೂಲದ ಜಿದಾನನನ್ನು ಜನಾಂಗದ ಹೆಸರಿನಲ್ಲಿ ಬೈದದ್ದೇ ಕಾರಣವೆಂದು ಪತ್ರಿಕೆಗಳು ಬರೆದವು. ಅದು ನಿಜವಾಗಿರಲಿಲ್ಲ, ಬೈದದ್ದು ಅಕ್ಕನ ಹೆಸರೆತ್ತಿ. ಹಾಗೆ ಬರೆದ ಇಂಗ್ಲೆಂಡಿನ ಪತ್ರಿಕೆಗಳು ಮಾತೆರಾತ್ಸಿಗೆ ಪರಿಹಾರ ತೆರಬೇಕಾಯಿತು. ನಾನು ಈ ಪ್ರಸಂಗವನ್ನು ನೆನಪಿಸುವುದು ಬೇರೆ ಕಾರಣಕ್ಕೆ. ಫಿಫಾ ಸಂಸ್ಥೆ ಹೊಡೆದವನಿಗೆ 3 ಪಂದ್ಯಗಳ ಶಿಕ್ಷೆ ಕೊಟ್ಟಾಗ ಬೈದವನಿಗೂ 2 ಪಂದ್ಯಗಳ ಶಿಕ್ಷೆ ಕೊಟ್ಟಿತು. ವಿಶ್ವಕಪ್ಪು ಇಟಲಿಯ ಕೈಯಲ್ಲೇ ಉಳಿಯಿತು ಎನ್ನುವುದು ಸರಿ. ಆದರೂ ಎದುರಾಳಿಯ ಬಾಯಿಗೂ ಒಂದು ಬೆಲೆ ಕಟ್ಟಿದ್ದು ಅಪರೂಪದ ಸಂಗತಿ.

ಹೊಡೆಯಬಾರದು ಸರಿ. ಹಾಗಾದರೆ ಬೈಸಿಕೊಂಡವನು ಏನು ಮಾಡಬೇಕು? 'ಸಹಿಸಬೇಕು' ಎಂದು ಎಲ್ಲರೂ ಹೇಳುತ್ತಾರೆ. ಸಹಿಸುವುದು ಎಂದರೇನೆಂದು ತಿಳಿಯಬೇಕಾದರೆ ಜಾಕಿ ರಾಬಿನ್ಸನ್ನನ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕ್ರಿಕೆಟಿನ ದಾಯಾದಿಯಂತಿರುವ ಬೇಸ್‌ಬಾಲ್ ಅಮೆರಿಕದ ರಾಷ್ಟ್ರೀಯ ಆಟ. ಇಪ್ಪತ್ತನೆಯ ಶತಮಾನದ ನಡುವಿನ ವರೆಗೂ ಅದರ ದೊಡ್ಡ ಲೀಗುಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಬರೆದಿಟ್ಟ ನಿಯಮವಿರಲಿಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ. ನಮ್ಮ ಊರಿನ ಬಾವಿಕಟ್ಟೆಗಳಿಗೆ ಇದ್ದ ನಿಯಮದ ಹಾಗೆ ಎನ್ನಿ. ಬ್ರೂಕ್ಲಿನ್ ಡಾಡ್ಜರ್ಸ್ ತಂಡವನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ ಎಂಬವನು ಇದನ್ನು ಮುರಿಯಲು ಹೊರಟ. ಅವನು ಬರಿಯ ಧರ್ಮಾತ್ಮನೇನೂ ಅಲ್ಲ. ಒಳ್ಳೆಯ ಆಟಗಾರರು ಸಿಗುತ್ತಾರೆ, ಟಿಕೇಟು ಮಾರಾಟವಾಗುತ್ತದೆ ಎಂಬ ಲೆಕ್ಕವೂ ಇತ್ತು. 1945ರ ಆಗಸ್ಟ್ 28ರಂದು ಅವನು ರಾಬಿನ್ಸನ್ನನನ್ನು ತನ್ನ ಕಚೇರಿಗೆ ಕರೆಸಿದ.

ಈ ರಾಬಿನ್ಸನ್ ಸಾಧು ಸ್ವಭಾವದವನಲ್ಲ. ಇದನ್ನು ಮರೆತರೆ ಕಥೆಯೇ ಅರ್ಥವಾಗದು. 1944ರಲ್ಲಿ ಸೈನ್ಯದ ಅಧಿಕಾರಿಯಾಗಿದ್ದಾಗ ಟೆಕ್ಸಾಸಿನಲ್ಲಿ ಬಸ್ಸಿನ ಹಿಂದಿನ ಸೀಟಿಗೆ ಹೋಗೆಂದು ಚಾಲಕ ಹೇಳಿದ್ದಕ್ಕೆ ಒಪ್ಪದೆ ಕುಳಿತಿದ್ದ. ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿ ಗೆದ್ದು ಬಂದಿದ್ದ. ಅಂಥವನ ಎದುರು ರಿಕಿ ಆ ದಿನ ಸುಮಾರು ಮೂರು ಗಂಟೆಯ ಹೊತ್ತು ನಾಟಕವನ್ನೇ ಆಡಿದ. ಕೋಣೆ ಕೊಡದ ಹೋಟೆಲಿನ ಗುಮಾಸ್ತನಾದ, ಊಟ ಬಡಿಸದ ಮಾಣಿಯಾದ, ಮೈಮೇಲೆ ಬೀಳುವ ಎದುರಾಳಿಯಾದ. ಬಾಯಿಗೆ ಬಂದ ಹಾಗೆ ಬೈದ. ಹೊಡೆಯದೆ ಇರುವ ಎದೆಗಾರಿಕೆ ನಿನ್ನಲ್ಲಿದೆಯೇ ಎಂಬುದು ಅವನ ಪ್ರಶ್ನೆಯಾಗಿತ್ತು. ರಾಬಿನ್ಸನ್ ಒಪ್ಪಿದ. ಮೂರು ವರ್ಷ ಬಾಯಿಗೆ ಬಾಯಿ ಕೊಡುವುದಿಲ್ಲ, ಕೈಗೆ ಕೈ ಕೊಡುವುದಿಲ್ಲ.

1946ರಲ್ಲಿ ಕೆನಡಾದ ಮಾಂಟ್ರಿಯಲ್ ತಂಡದಲ್ಲಿ ಆಡಿ, 1947ರ ಏಪ್ರಿಲ್ 15ರಂದು ಅವನು ಬ್ರೂಕ್ಲಿನ್ನಿನ ಅಂಗಣಕ್ಕೆ ಇಳಿದ. ಒಂದು ವಾರ ಕಳೆಯಿತು. ಏಪ್ರಿಲ್ 22ರಂದು ಫಿಲಡೆಲ್ಫಿಯದ ತಂಡ ಬಂತು. ಅದರ ಮ್ಯಾನೇಜರ್ ಬೆನ್ ಚಾಪ್ಮನ್ ತನ್ನ ಆಟಗಾರರನ್ನು ಸೇರಿಸಿಕೊಂಡು ಇಡೀ ಪಂದ್ಯದ ಉದ್ದಕ್ಕೂ ರಾಬಿನ್ಸನ್ನನಿಗೆ ಮಾಡಿದ ನಿಂದೆಯನ್ನು ಮಕ್ಕಳೂ ಓದುವ ಪತ್ರಿಕೆಯಲ್ಲಿ ಬರೆಯಲಾಗದು. ಮುಂದೆ 1972ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ರಾಬಿನ್ಸನ್ ಆ ದಿನವನ್ನು ನೆನೆದಿದ್ದಾನೆ. ಬೇರೆ ಯಾವ ದಿನವೂ ತನ್ನನ್ನು ಅಷ್ಟು ಮುರಿಯುವ ಹಂತಕ್ಕೆ ತಂದಿರಲಿಲ್ಲವೆಂದೂ, ಎಲ್ಲವನ್ನೂ ಬಿಟ್ಟು ಹೋಗಿ ಅವರಲ್ಲೊಬ್ಬನ ಹಲ್ಲು ಉದುರಿಸಿ ಬರೋಣವೆಂದು ಒಂದು ಗಳಿಗೆ ಅನಿಸಿತ್ತೆಂದೂ ಬರೆದಿದ್ದಾನೆ. ಅವನು ಹೋಗಲಿಲ್ಲ.

ಹೋಗಿದ್ದರೆ? ಕಪ್ಪು ಜನರನ್ನು ಸೇರಿಸಿಕೊಂಡರೆ ಹೊಡೆದಾಟವಾಗುತ್ತದೆ ಎಂದು ಹೇಳುತ್ತಿದ್ದವರಿಗೆ ಬೇಕಾಗಿದ್ದದ್ದು ಅದೇ. ಬಾಗಿಲು ಇನ್ನೂ ಹತ್ತು ವರ್ಷ ಮುಚ್ಚುತ್ತಿತ್ತೋ ಏನೋ. ಅವನು ಹೊಡೆಯದೆ ನಿಂತದ್ದರಿಂದ ಆದದ್ದು ಬೇರೆ. ಅವನ ತಂಡದ ಬಿಳಿಯ ಆಟಗಾರ ಎಡ್ಡಿ ಸ್ಟ್ಯಾಂಕಿ ಎದ್ದುನಿಂತು, ತಿರುಗಿ ಮಾತಾಡಲಾಗದವನನ್ನು ಬೈಯುವ ನೀವು ಹೇಡಿಗಳು ಎಂಬ ಅರ್ಥದಲ್ಲಿ ಎದುರು ತಂಡದವರ ಮೇಲೆ ಕೂಗಾಡಿದ. ಪತ್ರಿಕೆಗಳಲ್ಲಿ ಟೀಕೆ ಬಂತು, ಮೇಲಿನವರಿಂದ ಚಾಪ್ಮನ್‌ಗೆ ಎಚ್ಚರಿಕೆ ಹೋಯಿತು. ಮೇ ತಿಂಗಳಲ್ಲಿ ರಾಬಿನ್ಸನ್ನನ ಜೊತೆ ಒಂದೇ ಬ್ಯಾಟನ್ನು ಹಿಡಿದು ನಿಂತು ಚಾಪ್ಮನ್ ಫೋಟೋ ತೆಗೆಸಿಕೊಳ್ಳಬೇಕಾಯಿತು. ಆ ಚಿತ್ರವನ್ನು ನೋಡಿದ್ದೇನೆ. ಕೈ ಕುಲುಕಿಲ್ಲ, ನಡುವೆ ಬ್ಯಾಟು.

ಸಹನೆಯ ಪಾಠ ಹೇಳುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಅವಧಿ ಮುಗಿದ ಮೇಲೆ, 1949ರಿಂದ, ರಾಬಿನ್ಸನ್ ಬಾಯಿ ತೆರೆದ. ಅಂಪೈರರ ಜೊತೆ ವಾದಿಸಿದ, ಬೈದವರಿಗೆ ತಿರುಗಿ ಹೇಳಿದ. ಅದೇ ವರ್ಷ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿಯೂ ಅವನಿಗೇ ಬಂತು. ಆದರೆ ಸುಮ್ಮನಿದ್ದಾಗ ಹೊಗಳಿದ್ದ ಕೆಲವರಿಗೆ ಈಗ ಅವನು ಸೊಕ್ಕಿನವನಾಗಿ ಕಂಡ. 1972ರ ಅಕ್ಟೋಬರ್ 24ರಂದು ಅವನು ತೀರಿಕೊಂಡಾಗ ವಯಸ್ಸು 53. ಸಕ್ಕರೆ ಕಾಯಿಲೆಯಿಂದ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ತಲೆ ಪೂರ್ತಿ ನೆರೆತಿತ್ತು. ನುಂಗಿದ ಸಿಟ್ಟಿಗೂ ಇದಕ್ಕೂ ಸಂಬಂಧವುಂಟೋ ಇಲ್ಲವೋ ವೈದ್ಯರು ಹೇಳಬೇಕು. ಆದರೆ ಆ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ ಎನ್ನುವುದು ಅವನ ಪುಸ್ತಕ ಓದಿದರೆ ತಿಳಿಯುತ್ತದೆ.

ಅವನ ಸಹನೆಗೆ ಒಂದು ಅವಧಿ ಇತ್ತು, ಒಂದು ಉದ್ದೇಶ ಇತ್ತು, ಅವನ ಒಪ್ಪಿಗೆ ಇತ್ತು. ಬೆನ್ನ ಹಿಂದೆ ನಿಂತ ಒಬ್ಬ ಯಜಮಾನನಿದ್ದ. ಇವು ಒಂದೂ ಇಲ್ಲದೆ ಐವರಿ ಕೋಸ್ಟಿನಿಂದ ಬಂದ ಹುಡುಗನಿಗೆ, ಭಾಷೆಯೂ ತಿಳಿಯದ ಊರಿನಲ್ಲಿ, 'ಸಹಿಸು' ಎಂದು ಹೇಳಲು ನಮಗೆ ಯಾವ ಹಕ್ಕಿದೆ?

ದೂರು ಕೊಡಬಹುದಲ್ಲ ಎನ್ನುತ್ತೀರಿ. ಕೊಟ್ಟರೆ ಏನಾಗುತ್ತದೆಂದು ನೋಡಲು ನಮ್ಮ ಕುಂಬಳೆಯ ಹೆಸರನ್ನು ಲೋಕಕ್ಕೆಲ್ಲ ಹೊತ್ತೊಯ್ದ ಅನಿಲ್ ಕುಂಬ್ಳೆ ನಾಯಕರಾಗಿದ್ದ ಸಿಡ್ನಿ ಟೆಸ್ಟನ್ನು ನೆನೆಯಬೇಕು. ಅದು 2008ರ ಜನವರಿ. ಆಸ್ಟ್ರೇಲಿಯ ತಂಡದಲ್ಲಿದ್ದ ಕೆರಿಬಿಯನ್ ಮೂಲದ ಆಂಡ್ರೂ ಸೈಮಂಡ್ಸ್‌ನನ್ನು ಹರ್ಭಜನ್ ಸಿಂಗ್ 'ಮಂಗ' ಎಂದು ಕರೆದನೆಂದು ದೂರಾಯಿತು. ಹಿಂದಿನ ಅಕ್ಟೋಬರಿನಲ್ಲಷ್ಟೇ ವಡೋದರಾ, ಮುಂಬೈಗಳ ಅಂಗಣದಲ್ಲಿ ನಮ್ಮ ಪ್ರೇಕ್ಷಕರೇ ಅವನನ್ನು ನೋಡಿ ಮಂಗನ ಹಾಗೆ ಕೂಗಿದ್ದರು. ಮುಂಬೈಯಲ್ಲಿ ಪೊಲೀಸರು ನಾಲ್ವರನ್ನು ಹಿಡಿದಿದ್ದರು. ಇದು ನಮ್ಮ ಮನೆಯ ಕಸ, ಮುಚ್ಚಿಟ್ಟು ಫಲವಿಲ್ಲ. ಸೈಮಂಡ್ಸ್ ಕೈ ಎತ್ತಲಿಲ್ಲ. ಮ್ಯಾಚ್ ರೆಫ್ರಿ ಮೈಕ್ ಪ್ರಾಕ್ಟರ್ ಹರ್ಭಜನನಿಗೆ 3 ಟೆಸ್ಟುಗಳ ಶಿಕ್ಷೆ ವಿಧಿಸಿದರು. ಭಾರತದಲ್ಲಿ ದೊಡ್ಡ ಕೋಲಾಹಲವಾಯಿತು, ಪ್ರವಾಸವನ್ನೇ ಮೊಟಕು ಮಾಡುವ ಮಾತು ಬಂತು. ತಿಂಗಳ ಕೊನೆಯಲ್ಲಿ ಅಡಿಲೇಡಿನಲ್ಲಿ ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸನ್ ಮೇಲ್ಮನವಿ ಕೇಳಿದರು. ಜನಾಂಗ ನಿಂದನೆಗೆ ಸಾಕಷ್ಟು ಪುರಾವೆಯಿಲ್ಲ, ಬೈದದ್ದು ಮಾತ್ರ ಹೌದು ಎಂದು ತೀರ್ಮಾನಿಸಿ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ಹಾಕಿದರು.

ಅಲ್ಲಿ ನ್ಯಾಯ ಸಿಕ್ಕಿತೋ ಇಲ್ಲವೋ ಎಂದು ಈಗಲೂ ವಾದಿಸುವವರಿದ್ದಾರೆ. ಆದರೆ ಆ ಮಾತು ಏನೆಂದು ಕೇಳಲು ಒಬ್ಬ ನ್ಯಾಯಾಧೀಶ ಕಡಲು ದಾಟಿ ಬಂದು ಕುಳಿತ. ಸೈಮಂಡ್ಸ್ ಒಂದು ಗುದ್ದು ಕೊಟ್ಟಿದ್ದರೆ ಆ ವಿಚಾರಣೆಯೇ ನಡೆಯುತ್ತಿರಲಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಮೊಹಾಲಿಯಲ್ಲಿ ಹರ್ಭಜನ್ ನಮ್ಮ ಕೇರಳದ ಶ್ರೀಶಾಂತನ ಕೆನ್ನೆಗೆ ಹೊಡೆದಾಗ, ಶ್ರೀಶಾಂತ್ ಅಳುತ್ತ ನಿಂತದ್ದೇ ಎಲ್ಲರ ನೆನಪಿನಲ್ಲಿರುವುದು. ಹರ್ಭಜನನಿಗೆ ಆ ಋತುವಿನ ಉಳಿದ 11 ಪಂದ್ಯಗಳು ಹೋದವು. ಹೊಡೆಯುವ ಮೊದಲು ಯಾರು ಏನು ಹೇಳಿದರೆಂಬುದು ಇವತ್ತು ಯಾರಿಗೆ ನೆನಪಿದೆ?

ದೂರನ್ನು ನಿಜವಾಗಿ ಕೇಳಿದರೆ ಹೇಗಿರುತ್ತದೆಂಬುದಕ್ಕೆ ಈಚಿನ ಒಂದು ಉದಾಹರಣೆ ಸ್ಪೇನಿನಲ್ಲಿದೆ. 2023ರ ಮೇ 21ರಂದು ವಲೆನ್ಸಿಯದ ಮೆಸ್ತಾಯ ಕ್ರೀಡಾಂಗಣದಲ್ಲಿ ರಿಯಲ್ ಮ್ಯಾಡ್ರಿಡ್ ತಂಡದ ಬ್ರೆಜಿಲಿಯನ್ ಆಟಗಾರ ವಿನೀಸಿಯುಸ್ ಜೂನಿಯರ್‌ನನ್ನು ಗ್ಯಾಲರಿಯಿಂದ ಮಂಗನೆಂದು ಕೂಗಿದರು. ಅವನು ಬೆರಳು ಮಾಡಿ ಕೂಗಿದವನನ್ನು ರೆಫ್ರಿಗೆ ತೋರಿಸಿದ. ಆಟ ಸ್ವಲ್ಪ ಹೊತ್ತು ನಿಂತು ಮತ್ತೆ ನಡೆಯಿತು. ಕೊನೆಯಲ್ಲಿ ತಳ್ಳಾಟವಾಯಿತು, ಎದುರಾಳಿಯೊಬ್ಬ ಅವನ ಕುತ್ತಿಗೆಯನ್ನು ಹಿಡಿದ, ಅವನ ಕೈ ಆ ಎದುರಾಳಿಯ ಮುಖಕ್ಕೆ ತಾಗಿತು. ಕೆಂಪು ಕಾರ್ಡು ಬಂದದ್ದು ವಿನೀಸಿಯುಸ್‌ಗೆ. ಬೈಸಿಕೊಂಡವನೇ ಹೊರಗೆ.

ಎರಡು ದಿನಗಳಲ್ಲಿ ಅಲ್ಲಿಯ ಫುಟ್‌ಬಾಲ್ ಸಂಸ್ಥೆ ಆ ಕಾರ್ಡನ್ನು ರದ್ದುಮಾಡಿತು. ಅವನ ಕುತ್ತಿಗೆ ಹಿಡಿದದ್ದನ್ನು ರೆಫ್ರಿಗೆ ತೋರಿಸಿಯೇ ಇರಲಿಲ್ಲ, ಅರ್ಧ ಚಿತ್ರ ನೋಡಿ ತೀರ್ಪಾಗಿತ್ತು ಎಂಬುದು ಕಾರಣ. ಕ್ರೀಡಾಂಗಣದ ಒಂದು ಭಾಗವನ್ನು ಕೆಲವು ಪಂದ್ಯಗಳಿಗೆ ಮುಚ್ಚಿಸಿದರು. 2024ರ ಜೂನ್ 10ರಂದು ವಲೆನ್ಸಿಯದ ನ್ಯಾಯಾಲಯ ಮೂವರು ಪ್ರೇಕ್ಷಕರಿಗೆ ಎಂಟೆಂಟು ತಿಂಗಳ ಸೆರೆ ವಿಧಿಸಿ, ಎರಡು ವರ್ಷ ಕ್ರೀಡಾಂಗಣಕ್ಕೆ ಕಾಲಿಡದಂತೆ ಮಾಡಿತು. ಮೊದಲ ಅಪರಾಧಕ್ಕೆ ಇಷ್ಟು ಸಣ್ಣ ಅವಧಿಯ ಶಿಕ್ಷೆಯನ್ನು ಅಲ್ಲಿ ಸಾಮಾನ್ಯವಾಗಿ ಅಮಾನತಿನಲ್ಲಿ ಇಡುತ್ತಾರೆ ಎನ್ನಿ. ಆದರೂ ಫುಟ್‌ಬಾಲ್ ಅಂಗಣದಲ್ಲಿ ಕೂಗಿದ ಜನಾಂಗ ನಿಂದನೆಯ ಮಾತಿಗೆ ಸ್ಪೇನಿನಲ್ಲಿ ಶಿಕ್ಷೆಯಾದದ್ದು ಅದೇ ಮೊದಲು. ಮೇ ತಿಂಗಳಲ್ಲಿ ಬ್ಯಾಂಕಾಕಿನಲ್ಲಿ ಸೇರಿದ್ದ ಫಿಫಾ ಮಹಾಸಭೆ ಆಟಗಾರರಿಗೆ ಒಂದು ಸನ್ನೆಯನ್ನು ಗೊತ್ತುಮಾಡಿತು: ಜನಾಂಗ ನಿಂದನೆಯಾದರೆ ಎರಡೂ ಮಣಿಕಟ್ಟುಗಳನ್ನು ಅಡ್ಡ ಹಿಡಿದು ರೆಫ್ರಿಗೆ ತೋರಿಸುವುದು. ರೆಫ್ರಿ ಮೊದಲು ಆಟ ನಿಲ್ಲಿಸಬೇಕು, ನಿಲ್ಲದಿದ್ದರೆ ಆಟಗಾರರನ್ನು ಒಳಗೆ ಕರೆದೊಯ್ಯಬೇಕು, ಆಗಲೂ ನಿಲ್ಲದಿದ್ದರೆ ಪಂದ್ಯವನ್ನೇ ಬಿಡಬೇಕು. ಆ ಸನ್ನೆಯಲ್ಲಿ ನನಗೆ ಹಿಡಿಸಿದ್ದು ಒಂದೇ. ಬೈಸಿಕೊಂಡವನು ಆ ಮಾತನ್ನು ತನ್ನ ಬಾಯಿಂದ ಪುನಃ ಹೇಳಬೇಕಾಗಿಲ್ಲ.

ಅದು ಯಾಕೆ ಹಿಡಿಸಿತೆಂದರೆ, ಆಗ ಹೇಳುತ್ತೇನೆಂದು ಬಿಟ್ಟ ಸಂಗತಿಗೆ ಬರಬೇಕು. ಕೆಲವು ವರ್ಷಗಳ ಹಿಂದೆ ಉಪಜಿಲ್ಲಾ ಕ್ರೀಡಾಕೂಟಕ್ಕೆ ನಾನು ಕಬಡ್ಡಿ ತಂಡವನ್ನು ಕರೆದುಕೊಂಡು ಹೋಗಿದ್ದೆ. ಅದು ಹಣದ ಆಟವಲ್ಲ, ಮಕ್ಕಳ ಆಟ. ನಮ್ಮಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿದ್ದ. ಗಿಡ್ಡ, ಕಪ್ಪು, ಮೀನಿನ ಹಾಗೆ ಜಾರುವವನು. ಎರಡನೆಯ ಪಂದ್ಯದ ನಡುವೆ ಅವನು ಹಠಾತ್ತಾಗಿ ಎದುರು ತಂಡದ ಹುಡುಗನ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಬಂತು. ನಾನು ಓಡಿಹೋಗಿ ಇವನ ತೋಳು ಹಿಡಿದು ಎಳೆದೆ. ಎಲ್ಲರ ಎದುರು ಕ್ಷಮೆ ಕೇಳಿಸಿದೆ. 'ಯಾಕೆ ಹೊಡೆದೆ?' ಎಂದು ಮೂರು ಸಲ ಕೇಳಿದೆ. ನೆಲ ನೋಡಿಕೊಂಡು ನಿಂತ, ಬಾಯಿ ಬಿಡಲಿಲ್ಲ. ಬಾಯಿ ಬಿಡದ್ದನ್ನು ನಾನು ಹಟ ಎಂದುಕೊಂಡೆ. ಆ ವರ್ಷಕ್ಕೆ ತಂಡದಿಂದ ತೆಗೆದುಹಾಕಿದೆ.

ಹದಿನೈದು ದಿನದ ಮೇಲೆ ಇನ್ನೊಬ್ಬ ಹುಡುಗ ಹೇಳಿದ. ರೇಡಿಗೆ ಹೋದಾಗಲೆಲ್ಲ ಆಚೆಯವರು ಅವನನ್ನು ಜಾತಿಯ ಹೆಸರು ಹಿಡಿದು ಕರೆಯುತ್ತಿದ್ದರಂತೆ, ಮುಟ್ಟಬೇಡ ಎಂದು ಹಿಂದೆ ಸರಿದು ನಗುತ್ತಿದ್ದರಂತೆ. ಮುಟ್ಟಿಯೇ ಆಡಬೇಕಾದ ಆಟ ಅದು. ನಾನು ಅವನನ್ನು ಕರೆದು, 'ಆಗಲೇ ನನ್ನಲ್ಲಿ ಹೇಳಬಾರದಿತ್ತೇ?' ಎಂದೆ. ಅವನು ಹೇಳಿದ ಮಾತು ಇದು: 'ಹೇಳಬೇಕಾದರೆ ಆ ಶಬ್ದವನ್ನು ನಾನೇ ಹೇಳಬೇಕಿತ್ತಲ್ಲ ಸರ್.'

ಹೊಡೆದದ್ದು ತಪ್ಪೆಂದು ಇವತ್ತೂ ನಾನು ಹೇಳುವವನೇ. ಆ ಮೂಗು ಸರಿಯಾಗಲು ವಾರಗಳು ಬೇಕಾದವು. ಆ ಮಗುವಿಗೂ ತಾಯಿ ಇದ್ದಾಳೆ. ಆದರೆ ಆ ದಿನ ನಾನು ಕೊಟ್ಟದ್ದು ಅರ್ಧ ಚಿತ್ರ ನೋಡಿದ ತೀರ್ಪು. ಅದನ್ನು ರದ್ದುಮಾಡಲು ನನ್ನ ಮೇಲೆ ಯಾವ ಸಮಿತಿಯೂ ಇರಲಿಲ್ಲ. ನಾನೇ ಮರಳಿ ತಂಡಕ್ಕೆ ಬಾ ಎಂದು ಕರೆದೆ. ಅವನು ಬರಲಿಲ್ಲ.

ಮರುವರ್ಷದಿಂದ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪಂದ್ಯಕ್ಕೆ ಮೊದಲು ಅಂಪೈರರನ್ನೂ ಎದುರು ಶಾಲೆಯ ಅಧ್ಯಾಪಕರನ್ನೂ ಕಂಡು, ಇಂಥ ಮಾತು ಬಂದರೆ ಆಟ ನಿಲ್ಲಿಸಬೇಕು ಎಂದು ಹೇಳುತ್ತೇನೆ. ನಮ್ಮ ಹುಡುಗರ ಬಾಯಿಂದ ಬಂದರೂ ಸರಿ, ಮೊದಲು ನಮ್ಮವನನ್ನೇ ಹೊರಗೆ ಕೂರಿಸಿ ಎನ್ನುತ್ತೇನೆ. ಹುಡುಗರಿಗೆ ಹೇಳುವುದು ಇಷ್ಟೆ: ಯಾರಾದರೂ ಹಾಗೆ ಕರೆದರೆ ಹೊಡೆಯಬೇಡಿ, ಶಬ್ದ ಹೇಳುವುದೂ ಬೇಡ, ನನ್ನ ಕಡೆ ತಿರುಗಿ ಕೈ ಎತ್ತಿ, ಉಳಿದದ್ದು ನನ್ನ ಕೆಲಸ. ಕೆಲವು ಅಂಪೈರರು ಒಪ್ಪುತ್ತಾರೆ. ಕೆಲವರು, 'ಮಕ್ಕಳ ಆಟಕ್ಕೆ ಇಷ್ಟೆಲ್ಲ ಯಾಕೆ ಮಾಷ್ಟ್ರೇ?' ಎಂದು ನಗುತ್ತಾರೆ. ಕಳೆದ ಸಲ ಒಬ್ಬ ಹುಡುಗ ಕೈ ಎತ್ತಿದ. ಆಟ ನಾಲ್ಕು ನಿಮಿಷ ನಿಂತಿತು. ಆ ಪಂದ್ಯ ನಾವು ಸೋತೆವು.